ಮಣಿ ಎಲ್ಲಿಂದಲೋ, ದಾರ ಇಲ್ಲಿಯದು

ಜಾತ್ರೆಯಲ್ಲಿ ಗಾಜಿನ ಮಣಿಗೆ ಪರೀಕ್ಷೆ ನಡೆಯುವುದು ಹಲ್ಲಿನಲ್ಲಿ. ಸರ ಕೈಗೆತ್ತಿಕೊಂಡ ಹೆಂಗಸು ಮೊದಲು ಬಣ್ಣ ನೋಡುತ್ತಾಳೆ, ಆಮೇಲೆ ನನ್ನ ಮುಖ ನೋಡುತ್ತಾಳೆ, ಎರಡರಲ್ಲೂ ನಂಬಿಕೆ ಹುಟ್ಟದೆ ಒಂದು ಮಣಿಯನ್ನು ಮುಂದಿನ ಹಲ್ಲಿಗೆ ಮೆಲ್ಲಗೆ ತಾಗಿಸುತ್ತಾಳೆ. ಟಿಣ್ ಎಂದರೆ ಗಾಜು, ಟಪ್ ಎಂದರೆ ಪ್ಲಾಸ್ಟಿಕ್ಕು. ಕೆಲವರು ಕೆನ್ನೆಗೆ ಒತ್ತಿ ನೋಡುವುದೂ ಉಂಟು. ಗಾಜು ತಣ್ಣಗಿರುತ್ತದೆ ಎಂಬ ಲೆಕ್ಕ. ಆದರೆ ನಾಯಕನಹಟ್ಟಿ ತೇರಿನ ಹೊತ್ತಿಗೆ ಬೀಳುವ ಬಿಸಿಲಿನಲ್ಲಿ ತಣ್ಣಗಿರುವ ವಸ್ತು ಯಾವುದೂ ಇರುವುದಿಲ್ಲ. ಅಲ್ಲಿ ಹಲ್ಲೇ ಗತಿ.

‘ಗಾಜಿಂದೇ ಕಣವ್ವ’ ಅನ್ನುತ್ತೇನೆ ನಾನು. ‘ಎಲ್ಲರೂ ಹಂಗೇ ಅಂತಾರೆ ಬಿಡವ್ವ’ ಅನ್ನುತ್ತಾಳೆ ಆಕೆ. ಆಮೇಲೆ ಚೌಕಾಸಿ ಶುರು.

ಹೊಳಲ್ಕೆರೆ ಕಡೆಯ ಹಳ್ಳಿಯಲ್ಲಿ ಹುಟ್ಟಿ ಚಿತ್ರದುರ್ಗಕ್ಕೆ ಸೊಸೆಯಾಗಿ ಬಂದವಳು ನಾನು. ಹದಿನಾರು ವರ್ಷದಿಂದ ಗಾಜಿನ ಮಣಿಯ ಸರ, ಓಲೆ, ಕೈಸರ ಮಾಡಿ ಮಾರುತ್ತಿದ್ದೇನೆ. ನನ್ನ ಪಂಚಾಂಗದಲ್ಲಿ ತಿಂಗಳುಗಳಿಗೆ ದೇವರ ಹೆಸರಿದೆ. ಮಾಘದಲ್ಲಿ ಹಿರಿಯೂರಿನ ತೇರುಮಲ್ಲೇಶ್ವರ, ಫಾಲ್ಗುಣದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ, ಬೇಸಿಗೆ ಏರಿದಂತೆ ದುರ್ಗದ ಅಮ್ಮಂದಿರು, ನವೆಂಬರಿನಲ್ಲಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ನಾಟಕೋತ್ಸವ. ನಡುನಡುವೆ ಬೆಂಗಳೂರು, ಮೈಸೂರಿನ ಕರಕುಶಲ ಮೇಳಗಳು. ಜಾತ್ರೆಗೆ ಹೋಗುವಾಗ ಜೊತೆಗೆ ಟಾರ್ಪಾಲು, ಮೇಳಕ್ಕೆ ಹೋಗುವಾಗ ಇಸ್ತ್ರಿ ಮಾಡಿದ ಖಾದಿ ಬಟ್ಟೆ. ಸರ ಮಾತ್ರ ಅವೇ.

ಮಳೆ ಬೆಳೆಗೂ ನನ್ನ ಮಣಿಗೂ ನಂಟಿದೆ ಅಂದರೆ ಪೇಟೆಯವರು ನಗುತ್ತಾರೆ. ಶೇಂಗಾ ಕೈಹಿಡಿದ ವರ್ಷ ಚಳ್ಳಕೆರೆ ಕಡೆಯವರು ಮಕ್ಕಳಿಗೆ ಎರಡೆರಡು ಸರ ಕೊಳ್ಳುತ್ತಾರೆ. ಅಡಿಕೆಗೆ ದರ ಸಿಕ್ಕರೆ ಹೊಳಲ್ಕೆರೆಯವರು ಕೊಳ್ಳುವುದು ಬಂಗಾರ. ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಹೊಸದುರ್ಗದ ತೆಂಗಿನ ತೋಟದವರು ಎರಡರ ನಡುವೆ.

ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದನ್ನು ನಮ್ಮಜ್ಜಿಯ ಕಾಲದವರು ಪುರಾಣದಂತೆ ಹೇಳುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬಿದ್ದಾಗ ಇಡೀ ಜಿಲ್ಲೆಯೇ ಮಾರಿಕಣಿವೆ ಕಡೆ ಹೊರಟಿತು. ಎಂಬತ್ತೊಂಬತ್ತು ವರ್ಷದ ನಂತರ ಬಂದ ನೀರಿಗೆ ಬರಿಗೈಲಿ ಹೋಗುವುದುಂಟೇ? ಬಾಗಿನ ಬೇಕು, ಬಾಗಿನಕ್ಕೆ ಬಳೆ ಬಿಚ್ಚೋಲೆ ಬೇಕು, ಕರಿಮಣಿ ಬೇಕು. ಮನೆಯಲ್ಲಿದ್ದ ಕರಿಮಣಿಯನ್ನೆಲ್ಲ ಚಿಕ್ಕಚಿಕ್ಕ ಎಳೆಗಳಾಗಿ ಪೋಣಿಸಿ ರಸ್ತೆ ಪಕ್ಕ ಕೂತೆ. ನಾನು ಪೋಣಿಸಿದ್ದು ಅಷ್ಟು ಬೇಗ ಖಾಲಿಯಾದದ್ದು ಅದೊಂದೇ ಸಲ, ಅದೂ ನೀರಿಗೆ ಬಿಡುವುದಕ್ಕೆ.

ಕರಿಮಣಿಯ ಮಾತು ಬಂದಿತಲ್ಲ, ಅದನ್ನು ಮುಗಿಸಿಯೇ ಮುಂದೆ ಹೋಗುತ್ತೇನೆ. ತಾಳಿಗೆ ಎಷ್ಟೇ ಬಂಗಾರ ಹಾಕಿಸಲಿ, ಅದರ ಅಕ್ಕಪಕ್ಕ ಕೂರುವುದು ಗಾಜು. ಕಡುಗಪ್ಪು ಗಾಜು. ಲಕ್ಷದ ಒಡವೆಯೊಳಗೆ ಇಷ್ಟು ಅಗ್ಗದ ವಸ್ತುವಿಗೆ ಇಷ್ಟು ಗೌರವದ ಜಾಗ ಬೇರೆಲ್ಲೂ ಸಿಕ್ಕಿದ್ದನ್ನು ನಾನು ಕಂಡಿಲ್ಲ. ‘ಉಪೇಂದ್ರ’ ಸಿನಿಮಾ ಬಂದದ್ದು 1999ರಲ್ಲಿ. ಅದರ ಕರಿಮಣಿ ಹಾಡು 2024ರ ಶುರುವಿನಲ್ಲಿ ರೀಲ್ಸಿನ ದೆಸೆಯಿಂದ ಮತ್ತೆ ಎಲ್ಲರ ಬಾಯಿಗೆ ಬಂತು. ಆ ವರ್ಷ ಜಾತ್ರೆಯಲ್ಲಿ ಕಾಲೇಜು ಹುಡುಗರು ನನ್ನ ಅಂಗಡಿ ಮುಂದೆ ನಿಂತು ಹಾಡಿ ಹೋಗುತ್ತಿದ್ದರು. ವ್ಯಾಪಾರ ಮಾತ್ರ ಆಗಲಿಲ್ಲ.

ಕರಿಮಣಿ ಸರ ಕಿತ್ತುಹೋಯಿತು ಎಂದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಹೆಚ್ಚಿದೆ ಅಕ್ಕಾ’ ಅನ್ನುತ್ತಾರೆ. ಬಳೆ ಒಡೆದರೂ ಹೆಚ್ಚಿತು ಎಂದೇ. ಕರವಸ್ತ್ರದ ಗಂಟಿನಲ್ಲಿ ಹೆಚ್ಚಿದ ಸರ ತರುತ್ತಾರೆ, ನಾನು ಪೋಣಿಸಿ ಮುಗಿಸುವವರೆಗೆ ಕೊರಳಿಗೆ ಅರಿಶಿನದ ದಾರ ಕಟ್ಟಿಕೊಂಡು ಎದುರಿಗೇ ಕೂತಿರುತ್ತಾರೆ. ಈ ಕೆಲಸಕ್ಕೆ ಇಂತಿಷ್ಟೇ ಕೊಡು ಎಂದು ಕೇಳಲು ನನಗೆ ಈಗಲೂ ಬಾಯಿ ಬಾರದು. ಎಲೆ ಅಡಿಕೆ ಜೊತೆ ಇಟ್ಟಷ್ಟು ತೆಗೆದುಕೊಳ್ಳುತ್ತೇನೆ.

ಪೋಣಿಸುವುದನ್ನು ನನಗೆ ಕಲಿಸಿದ್ದು ಸೋದರತ್ತೆ. ಆಕೆಯ ಸಾಮಾನು ಅಂದರೆ ಒಂದು ಸ್ಟೀಲು ತಟ್ಟೆ, ತಟ್ಟೆಯಲ್ಲಿ ಹಾಸಿದ ಹಳೇ ಪಂಚೆ ತುಂಡು, ಜೇನುಮೇಣದ ಉಂಡೆ, ಸಣ್ಣ ಸೂಜಿ. ಬಟ್ಟೆ ಹಾಸದಿದ್ದರೆ ಮಣಿ ಉರುಳುತ್ತದೆ. ದಾರಕ್ಕೆ ಮೇಣ ತಿಕ್ಕದಿದ್ದರೆ ಎಳೆ ಬಿಚ್ಚಿಕೊಳ್ಳುತ್ತದೆ. ಮಣಿಯನ್ನು ಬೆರಳಲ್ಲಿ ಒಂದೊಂದಾಗಿ ಎತ್ತುವವಳು ಹೊಟ್ಟೆ ಹೊರೆಯಲಾರಳು; ಸೂಜಿಯನ್ನು ರಾಶಿಯೊಳಗೆ ಮಲಗಿಸಿದಂತೆ ದೂಡಿ ಎತ್ತಿದರೆ ಐದೋ ಆರೋ ಮಣಿ ತಾವಾಗಿಯೇ ಏರಿ ಬರಬೇಕು. ಈಗ ನನ್ನ ಹತ್ತಿರ ಗೇರ್ ವೈರು, ಗೇರ್ ಲಾಕು, ಜಂಪ್ ರಿಂಗು, ಹೆಡ್ ಪಿನ್ನು, ಮೂತಿ ಇಕ್ಕಳ ಎಲ್ಲ ಇವೆ. ಸೂಜಿ ದೂಡುವ ರೀತಿ ಮಾತ್ರ ಅತ್ತೆಯದೇ.

ಮಣಿ ಎಲ್ಲಿಯದು? ಬೆಂಗಳೂರಿನ ಮಾಮೂಲುಪೇಟೆ, ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟು ಎಂದರೆ ಅರ್ಧ ಉತ್ತರ. ಅಲ್ಲಿಗೆ ಬರುವುದು ಉತ್ತರಪ್ರದೇಶದಿಂದ: ಹಾಥರಸ್ ಜಿಲ್ಲೆಯ ಪುರ್ದಿಲನಗರ, ಬನಾರಸ್, ಬಳೆಗೆ ಹೆಸರಾದ ಫಿರೋಜಾಬಾದ್. ಒಂದೇ ಅಳತೆಯ, ಎಣಿಸಿಟ್ಟಂಥ ಸಣ್ಣ ಮಣಿ ಬೇಕೆಂದರೆ ಜಪಾನಿನದು, ಜೆಕ್ ದೇಶದ್ದು. ಬೆಲೆ ಕೇಳಿದರೆ ತಲೆ ಸುತ್ತುತ್ತದೆ. ಪುರ್ದಿಲನಗರದ ಮಣಿ ಸೊಟ್ಟ, ಒಂದರಂತೆ ಒಂದಿಲ್ಲ, ಕೆಲವಕ್ಕೆ ತೂತೇ ಇರುವುದಿಲ್ಲ. ಆದರೂ ನನಗೆ ಅವೇ ಇಷ್ಟ. ಒಂದರಂತೆ ಒಂದಿಲ್ಲದ್ದಕ್ಕೇ ಸರ ಬೆಳಕಿಗೆ ಹಿಡಿದಾಗ ಜೀವ ಇದ್ದಂತೆ ಮಿನುಗುತ್ತದೆ.

ಅಂದರೆ ಚಿತ್ರದುರ್ಗದ ಸರದಲ್ಲಿ ಚಿತ್ರದುರ್ಗದ್ದು ಎನ್ನುವಂಥದ್ದು ದಾರ ಮತ್ತು ಬೆರಳು, ಅಷ್ಟೇ. ಇದು ನನಗೆ ಬಹಳ ದಿನ ಅವಮಾನದಂತೆ ಕಾಣುತ್ತಿತ್ತು. ಸಮಾಧಾನ ಸಿಕ್ಕಿದ್ದು ಚಂದ್ರವಳ್ಳಿಯಲ್ಲಿ.

ಚಂದ್ರವಳ್ಳಿಗೆ ನಾವೆಲ್ಲ ಹೋಗುವುದು ಕೆರೆ ಏರಿಯ ಮೇಲೆ ಓಡಾಡಲು, ಅಂಕಲಿ ಮಠದ ಕತ್ತಲಲ್ಲಿ ಇಳಿದು ಹೆದರಲು. ಕದಂಬರ ಮಯೂರಶರ್ಮನ ಶಾಸನ ಇರುವುದೂ ಅಲ್ಲೇ, ಅದರ ವಿಷಯವೂ ಕೆರೆಯೇ. ಮೈಸೂರಿನ ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ 1929ರಲ್ಲಿ ಅಲ್ಲಿ ನೆಲ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಜೊತೆಗೆ ಚಂದ್ರವಳ್ಳಿಯನ್ನೂ ಅಗೆಸಿದರು. ಶಾತವಾಹನರ ಕಾಲದ ಸೀಸದ ನಾಣ್ಯ, ರೋಮಿನ ಬೆಳ್ಳಿ ನಾಣ್ಯ, ಚೀನಾದ ಒಂದು ನಾಣ್ಯ, ಬಣ್ಣ ಬಳಿದ ಮಡಕೆ ಚೂರು. ಇವುಗಳ ನಡುವೆ ಮಣಿಗಳು. ಮಣ್ಣಿನವು, ಶಂಖದವು, ಕೆಂಪು ಕಲ್ಲಿನವು, ಗಾಜಿನವು. ಎರಡು ಸಾವಿರ ವರ್ಷದ ಹಿಂದೆ ಈ ಬಂಡೆಗಳ ಸಂದಿಯ ಊರಿನಲ್ಲಿ ಯಾವಳೋ ಒಬ್ಬಳು ಗಾಜಿನ ಮಣಿ ಕೊರಳಿಗೆ ಹಾಕಿಕೊಂಡು ಕೆರೆಗೆ ನೀರಿಗೆ ಹೋಗಿದ್ದಾಳೆ. ರೋಮಿನ ದುಡ್ಡು ಓಡಾಡಿದ ದಾರಿಯಲ್ಲಿ ಮಣಿಯೂ ಓಡಾಡಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಅಗೆದವರಿಗೆ ಮಣಿ ಸಿಗುತ್ತದೆ, ದಾರ ಸಿಗುವುದಿಲ್ಲ. ಹತ್ತಿಯೋ ರೇಷ್ಮೆಯೋ ನಾರೋ, ಮಣ್ಣಿನೊಳಗೆ ಕೊಳೆತು ಹೋಗುತ್ತದೆ. ಎಷ್ಟು ಎಳೆ, ಯಾವ ಬಣ್ಣದ ಪಕ್ಕ ಯಾವ ಬಣ್ಣ, ಎಲ್ಲಿ ಗಂಟು, ಇವನ್ನೆಲ್ಲ ಯೋಚಿಸಿದವಳ ಕೆಲಸ ಪೂರ್ತಿ ಅಳಿಸಿಹೋಗಿ ಸಾಮಗ್ರಿ ಮಾತ್ರ ಉಳಿಯುತ್ತದೆ. ರಂಗಯ್ಯನ ಬಾಗಿಲಿನ ಸರ್ಕಾರಿ ಮ್ಯೂಸಿಯಮ್ಮಿಗೆ ಹೋದಾಗಲೆಲ್ಲ ನನಗೆ ಆ ಅಳಿದುಹೋದ ಭಾಗದ ಮೇಲೆಯೇ ಕಣ್ಣು.

ಆ ಕಾಲದ ಮಣಿ ಹೇಗೆ ಮಾಡುತ್ತಿದ್ದರು ಎಂಬುದಕ್ಕೆ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ತಿರುಪತಿ ಹತ್ತಿರದ ಪಾಪಾನಾಯ್ಡುಪೇಟೆ. ಪುದುಚೇರಿಯ ಪಕ್ಕದ ಅರಿಕಮೇಡಿನಲ್ಲಿ ಸಿಕ್ಕಂಥ ಪುಟ್ಟ ಗಾಜಿನ ಮಣಿಗಳು ಪೂರ್ವ ಆಫ್ರಿಕಾದಿಂದ ಹಿಡಿದು ಕೊರಿಯಾದವರೆಗೆ ಸಿಕ್ಕಿವೆ. ಅವುಗಳ ಬೆನ್ನು ಹತ್ತಿ ದೇಶ ಸುತ್ತಿದ ಅಮೆರಿಕದ ಪೀಟರ್ ಫ್ರಾನ್ಸಿಸ್ ಅವಕ್ಕೆ ಇಂಡೋ-ಪೆಸಿಫಿಕ್ ಮಣಿ ಎಂದು ಹೆಸರಿಟ್ಟ. ಆ ಹಳೆಯ ವಿಧಾನ ಪಾಪಾನಾಯ್ಡುಪೇಟೆಯ ಕುಲುಮೆಗಳಲ್ಲಿ ಇಪ್ಪತ್ತನೇ ಶತಮಾನದವರೆಗೂ ಬದುಕಿತ್ತು.

ಆ ವಿಧಾನದಲ್ಲಿ ಮಣಿಯನ್ನು ಒಂದೊಂದಾಗಿ ಮಾಡುವುದಿಲ್ಲ, ತೂತನ್ನು ಎಳೆಯುತ್ತಾರೆ. ಕಬ್ಬಿಣದ ಉದ್ದನೆಯ ಕೊಳವೆಯೊಂದಿದೆ, ಲಾಡ ಎಂದು ಹೆಸರು. ಅದರ ತುದಿಗೆ ಕರಗಿದ ಗಾಜನ್ನು ಸುತ್ತಿ ಸುತ್ತಿ, ಚಪ್ಪಟೆ ಕಲ್ಲಿನ ಮೇಲೆ ಹೊರಳಿಸಿ, ದೊಡ್ಡ ಮೊನೆಗಡುಬಿನಂತೆ ಮಾಡುತ್ತಾರೆ. ಕೊಳವೆಯೊಳಗಿಂದ ಒಂದು ಸಲಾಕೆ ತೂರಿಸಿ ಆ ಮುದ್ದೆಯ ನಡುವೆ ಪೊಳ್ಳು ಬಿಡಿಸುತ್ತಾರೆ. ಮುದ್ದೆಯನ್ನು ಕುಲುಮೆಯೊಳಗೆ ಸೇರಿಸಿದಾಗ ಇನ್ನೊಂದು ಬದಿಯ ಕಿಂಡಿಯಲ್ಲಿ ಮೇಸ್ತ್ರಿ ಕೊಕ್ಕೆ ಹಿಡಿದು ಕಾದಿರುತ್ತಾನೆ. ಮೊನೆಯನ್ನು ಕೊಕ್ಕೆಯಲ್ಲಿ ಹಿಡಿದೆಳೆದರೆ ಗಾಜು ನೂಲಿನಂತೆ ಬರುತ್ತದೆ, ನಡುವಿನ ಪೊಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬರುತ್ತದೆ. ಒಂದು ಕೈ ಬಿಟ್ಟು ಒಂದು ಕೈಯಲ್ಲಿ, ಗಂಟೆಗಟ್ಟಲೆ, ನಿಲ್ಲಿಸದೆ ಎಳೆಯಬೇಕು. ವೇಗವಾಗಿ ಎಳೆದರೆ ಸಣ್ಣ ಮಣಿ, ನಿಧಾನಕ್ಕೆ ದಪ್ಪ ಮಣಿ. ಅಳತೆಗೋಲು ಅವನ ರೆಟ್ಟೆಯಲ್ಲಿದೆ.

ಆ ನಳಿಕೆಗಳನ್ನು ತುಂಡು ಮಾಡಿ, ಹಿಡಿಹಿಡಿಯಾಗಿ ಅಲಗಿನ ಮೇಲಿಟ್ಟು ಕತ್ತರಿಸುತ್ತಾರೆ. ಕತ್ತರಿಸಿದ ಚೂರಿನ ಅಂಚು ಬ್ಲೇಡಿನಂತಿರುತ್ತದೆ. ಅದಕ್ಕೆ ಬೂದಿ ಬೆರೆಸಿ ಪಾತ್ರೆಯಲ್ಲಿ ಕಾಯಿಸುತ್ತ ತಿರುವಬೇಕು, ಶೇಂಗಾ ಹುರಿದ ಹಾಗೆ. ಬೂದಿ ತೂತಿನೊಳಗೆ ಕೂತು ತೂತು ಮುಚ್ಚದಂತೆ ಕಾಯುತ್ತದೆ, ಶಾಖ ಅಂಚನ್ನು ದುಂಡಗೆ ಮಾಡುತ್ತದೆ. ಆಮೇಲೆ ಜರಡಿ ಹಿಡಿಯುವುದು, ಆಮೇಲೆ ಹೆಂಗಸರು ಸೂಜಿ ಹಿಡಿದು ಕೂರುವುದು. ಕುಲುಮೆಯವನು ಗಂಡಸು, ಸೂಜಿಯವಳು ಹೆಂಗಸು. ದಾಖಲೆಗಳಲ್ಲಿ ಹತ್ತು ಪುಟ ಅವನ ಕೊಕ್ಕೆಗೆ, ಎರಡು ಸಾಲು ಇವಳ ಸೂಜಿಗೆ. ಇದು ನನ್ನ ತಕರಾರು, ಇರಲಿ.

ಇದನ್ನೆಲ್ಲ ಓದಿ ಕೇಳಿ, ನಾನೂ ಗಾಜಿನ ಮಣಿ ಮಾಡುತ್ತೇನೆ ಎಂಬ ಹುಚ್ಚು ಒಂದು ವರ್ಷ ಹಿಡಿದಿತ್ತು. ಕೊಕ್ಕೆಯಲ್ಲಿ ಗಾಜು ಎಳೆಯುವ ಶಕ್ತಿ ನನಗೆಲ್ಲಿ, ಬನಾರಸಿನವರಂತೆ ದೀಪದ ಉರಿಯಲ್ಲಿ ಸುತ್ತುವ ಮಣಿ ಸಾಕು ಅಂದುಕೊಂಡೆ. ಸ್ಟೀಲಿನ ಕಡ್ಡಿಗೆ ಜೇಡಿಮಣ್ಣಿನ ಲೇಪ ಕೊಡುವುದು, ಗಾಜಿನ ಕಡ್ಡಿಯನ್ನು ಗ್ಯಾಸಿನ ಉರಿಯಲ್ಲಿ ಜೇನಿನಂತೆ ಕರಗಿಸಿ ಆ ಸ್ಟೀಲಿಗೆ ಸುತ್ತುವುದು, ತಣ್ಣಗಾದ ಮೇಲೆ ಎಳೆದು ತೆಗೆಯುವುದು. ಲೇಪ ಇಲ್ಲದಿದ್ದರೆ ಮಣಿ ಕಡ್ಡಿಗೆ ಕಚ್ಚಿಕೊಂಡು ಬರುವುದೇ ಇಲ್ಲ. ಮೊದಲ ದಿನ ಇಪ್ಪತ್ತು ಮಣಿ ಸುತ್ತಿದೆ. ಸೊಟ್ಟಪಟ್ಟ, ಆದರೆ ನನ್ನವು. ತಟ್ಟೆಯಲ್ಲಿಟ್ಟು ಮಲಗಿದೆ. ನಡುರಾತ್ರಿ ಅಡುಗೆಮನೆಯಲ್ಲಿ ಟಿಕ್ ಎಂದಿತು. ಇಲಿ ಅಂದುಕೊಂಡೆ. ಮತ್ತೆ ಟಿಕ್. ಬೆಳಿಗ್ಗೆ ನೋಡಿದರೆ ಹದಿನೇಳು ಮಣಿ ಸೀಳಿವೆ.

ಗಾಜಿನ ಸ್ವಭಾವ ಅದು. ಹೊರಮೈ ಬೇಗ ಆರಿ ಗಟ್ಟಿಯಾಗುತ್ತದೆ, ಒಳಗಿನ್ನೂ ಬಿಸಿ. ಒಳಗಿನದು ಆರಿ ಕುಗ್ಗಲು ಹೊರಟಾಗ ಹೊರಮೈ ಜಾಗ ಕೊಡುವುದಿಲ್ಲ. ಆ ಜಗಳ ಮಣಿಯೊಳಗೇ ಉಳಿದು, ಒಂದು ಗಂಟೆಗೋ ಒಂದು ತಿಂಗಳಿಗೋ ಸಿಡಿಯುತ್ತದೆ. ಸುಮಾರು 500 ಡಿಗ್ರಿ ಶಾಖದಲ್ಲಿ ಸ್ವಲ್ಪ ಹೊತ್ತು ಇಟ್ಟು, ಅಲ್ಲಿಂದ ನಿಧಾನವಾಗಿ ಇಳಿಸಿದರೆ ಮಾತ್ರ ಒಳಹೊರಗು ರಾಜಿಯಾಗುತ್ತವೆ. ಬಿಸಿ ಬೂದಿಯಲ್ಲಿ ಹೂತಿಟ್ಟು ನೋಡಿದೆ, ಅರ್ಧ ಉಳಿದವು. ಕೊನೆಗೆ ಚಿಕ್ಕದೊಂದು ಕರೆಂಟಿನ ಗೂಡು ಕೊಂಡೆ. ಆ ಸಾಲ ತೀರಲು ಎರಡು ನಾಯಕನಹಟ್ಟಿ ಜಾತ್ರೆ ಬೇಕಾಯಿತು. ಈಗ ಸರಕ್ಕೆ ಮೂರೋ ನಾಲ್ಕೋ ನನ್ನ ಕೈಯ ಮಣಿ ಇರುತ್ತವೆ. ಉಳಿದವು ಪುರ್ದಿಲನಗರದವೇ.

ಮೇಳದಲ್ಲಿ ತೊಡಕಾಗುವುದು ಇಲ್ಲಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಅಂಗಳದ ಮೇಳಗಳಿಗೆ ಬರುವವರು ಮಣಿಯನ್ನು ಹಲ್ಲಿಗೆ ತಾಗಿಸುವುದಿಲ್ಲ. ‘ಹ್ಯಾಂಡ್‌ಮೇಡಾ?’ ಎಂದು ಕೇಳುತ್ತಾರೆ. ‘ಎಲ್ಲಾ ನೀವೇ ಮಾಡಿದ್ದಾ?’ ಎಂದು ಕೇಳುತ್ತಾರೆ. ಜಾತ್ರೆಯಲ್ಲಿ ಹದಿನಾರು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ. ‘ಈ ನಾಲ್ಕು ಮಣಿ ನಾನು ಮಾಡಿದ್ದು, ಮಿಕ್ಕವು ತರಿಸಿದ್ದು, ಪೋಣಿಸಿದ್ದು ನಾನು’ ಎಂದು ನಿಜ ಹೇಳಿದರೆ ಕೆಲವರ ಕೈ ಸಡಿಲವಾಗುತ್ತದೆ, ಸರ ಮೆಲ್ಲಗೆ ಮೇಜಿಗೆ ಇಳಿಯುತ್ತದೆ. ಪಕ್ಕದ ಅಂಗಡಿಯವರು ಸಲಹೆ ಕೊಟ್ಟರು: ‘ಯಾಕ್ರೀ ಅಷ್ಟೆಲ್ಲ ಬಿಡಿಸಿ ಹೇಳ್ತೀರಾ? ಹೌದು ಅನ್ನಿ ಸಾಕು.’ ಅವರ ಮಾತಲ್ಲೂ ನ್ಯಾಯವಿದೆ. ಸೀರೆ ನೇಯ್ದವರನ್ನು ರೇಷ್ಮೆ ಹುಳ ನೀವೇ ಸಾಕಿದಿರಾ ಎಂದು ಯಾರಾದರೂ ಕೇಳುತ್ತಾರೆಯೇ? ಆದರೂ ಸುಳ್ಳು ಹೇಳಿದ ದಿನ ಸಂಜೆ ಹಣ ಎಣಿಸುವಾಗ ಬೆರಳು ತಡವರಿಸುತ್ತದೆ. ಸುಳ್ಳು ಹೇಳುವುದನ್ನು ಬಿಟ್ಟಿದ್ದೇನೆ.

ಜಾತ್ರೆಯಲ್ಲಿ ಎಂಬತ್ತಕ್ಕೆ ಹೇಳಿ ಅರವತ್ತಕ್ಕೆ ಇಳಿಯುವ ಸರ, ಮೇಳದಲ್ಲಿ ನಾನೂರೈವತ್ತಕ್ಕೆ ಮರುಮಾತಿಲ್ಲದೆ ಹೋಗುತ್ತದೆ. ಮೊದಲ ಸಲ ನಾನೇ ಬೆಪ್ಪಾಗಿದ್ದೆ. ಆದರೆ ಮಳಿಗೆ ಬಾಡಿಗೆ, ಬಸ್ಸು, ಲಾಡ್ಜು, ಊಟ, ಮೇಜಿನ ಬಟ್ಟೆ, ಹೆಸರು ಬರೆದ ಕಾಗದದ ಚೀಲ ಎಲ್ಲ ಕಳೆದು ನೋಡಿದರೆ ಕೈಗೆ ಉಳಿಯುವುದು ಹಿರಿಯೂರಿನ ಟಾರ್ಪಾಲಿನ ಕೆಳಗೆ ಉಳಿದಷ್ಟೇ, ಕೆಲವೊಮ್ಮೆ ಕಡಿಮೆ. ಒಂದು ಮೇಳದಲ್ಲಿ ಜಾಗ ಕೊಟ್ಟದ್ದು ಶೌಚಾಲಯದ ಬಾಗಿಲ ಬಳಿ; ಮೂರು ದಿನ ಜನ ನನ್ನ ಮುಂದೆ ಅವಸರದಲ್ಲೇ ಓಡಾಡಿದರು. ನಿಂತು ನೋಡುವ ಸ್ಥಿತಿಯಲ್ಲಿ ಅವರಿರಲಿಲ್ಲ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದವರು, ದುಡಿದವರ ಕೂಲಿಯ ಬಗ್ಗೆ ತಲೆ ಕೆಡಿಸಿಕೊಂಡವರು. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ನಮ್ಮ ಜಿಲ್ಲೆಯಲ್ಲಿ ಲಾರಿಯ ಹಿಂದೆಯೂ ಇದೆ, ಆಟೋದ ಮೇಲೂ ಇದೆ. ಅವರ ಜಾತ್ರೆಯಲ್ಲೇ ಕೂತು ಅರವತ್ತು ರೂಪಾಯಿಯ ಸರಕ್ಕೆ ಮುಕ್ಕಾಲು ಗಂಟೆ ಹಿಡಿದದ್ದನ್ನು ಲೆಕ್ಕ ಹಾಕುತ್ತ, ಇದು ಮಾಡಿದಷ್ಟೋ ನೀಡಿದಷ್ಟೋ ಎಂದು ಗೊಂದಲಕ್ಕೆ ಬೀಳುತ್ತೇನೆ. ಅಷ್ಟರಲ್ಲಿ ಮಂಡಕ್ಕಿ ಮೆಣಸಿನಕಾಯಿ ವಾಸನೆ ಬರುತ್ತದೆ, ಗೊಂದಲ ಅಲ್ಲಿಗೇ ನಿಲ್ಲುತ್ತದೆ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಇಲಾಖೆಯ ನೋಟಿಸು ಬಂದಾಗ, ವರ್ಷಕ್ಕೆ 40 ಲಕ್ಷದ ವಹಿವಾಟು ಕನಸಿನಲ್ಲೂ ಕಾಣದವರು ಕೂಡ ಕ್ಯೂಆರ್ ಹಲಗೆ ಮಗುಚಿಟ್ಟರು. ನಾನೂ ಒಂದು ವಾರ ಮಗುಚಿಟ್ಟೆ. ಆಮೇಲೆ ನನ್ನ ಮಗಳು ನಕ್ಕು ಮತ್ತೆ ನೆಟ್ಟಗೆ ನಿಲ್ಲಿಸಿದಳು.

ನನ್ನ ಅತಿ ಕಷ್ಟದ ಗಿರಾಕಿಗಳು ಲಂಬಾಣಿ ಅಜ್ಜಿಯರು. ಜಿಲ್ಲೆಯ ತುಂಬ ತಾಂಡಾಗಳಿವೆ. ಸೇವಾಲಾಲರ ಜಯಂತಿಗೆ, ಫೆಬ್ರುವರಿ 15ರ ಹೊತ್ತಿಗೆ, ಪಕ್ಕದ ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪಕ್ಕೆ ದಂಡುಗಟ್ಟಿ ಹೋಗುವವರು ಇವರು. ಕನ್ನಡಿ, ಕವಡೆ, ಮಣಿ, ನಾಣ್ಯ ಇವನ್ನು ಬಟ್ಟೆಗೆ ಕೂರಿಸುವುದರಲ್ಲಿ ಇವರ ಮುಂದೆ ನಾವು ಬಚ್ಚಿಗಳು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರಿನ ಕುಶಲ ಕಲಾ ಕೇಂದ್ರದ ನಾನೂರೈವತ್ತಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ಕಸೂತಿ ತುಣುಕುಗಳ ಪ್ರದರ್ಶನಕ್ಕೆ ಗಿನ್ನೆಸ್ ದಾಖಲೆ ಸಿಕ್ಕಿತು. ಆ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿದಾಗ ಒಬ್ಬ ಅಜ್ಜಿ ಚಿತ್ರವನ್ನು ದೊಡ್ಡದು ಮಾಡಿಸಿ, ಒಂದು ಮೂಲೆಗೆ ಬೆರಳಿಟ್ಟು, ಹೊಲಿಗೆ ದೂರ ಬಿದ್ದಿದೆ ಎಂದಳು.

ಅವರ ಕಿರಿಯರೀಗ ಪ್ಲಾಸ್ಟಿಕ್ ಮಣಿ ಕೇಳುತ್ತಾರೆ. ಹಗುರ, ಒಡೆಯುವುದಿಲ್ಲ, ವಾಷಿಂಗ್ ಮೆಷಿನ್ನಿಗೂ ಹಾಕಬಹುದು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಗಾಜು ಭಾರ, ಒಡೆಯುತ್ತದೆ, ನಿಜ.

ಹೋದ ವರ್ಷ ಹೊಳಲ್ಕೆರೆಯಲ್ಲಿ ಅಂಗಡಿ ಕಟ್ಟಿದ್ದೆ. ಸಂಜೆ ಹೊತ್ತಿಗೆ ಒಬ್ಬ ಲಂಬಾಣಿ ಮುದುಕಿ ಬಂದು ಸೊಂಟದ ಚೀಲದಿಂದ ಒಂದು ಗಂಟು ತೆಗೆದಳು. ಅವಳ ತಾಯಿಯ ಸರವಂತೆ. ದಾರ ಮುಟ್ಟಿದರೆ ಪುಡಿಯಾಗುತ್ತಿತ್ತು. ಕೆಂಪು, ಬಿಳಿ, ಕಡುನೀಲಿ ಮಣಿ, ತೂತಿನ ಬಾಯಿ ಉಜ್ಜಿ ಉಜ್ಜಿ ಅಗಲವಾಗಿವೆ. ‘ಇದೇ ಮಣಿ ಹಾಕಬೇಕು. ಬೇರೇದು ಸೇರಿಸಬಾರದು’ ಅಂದಳು. ಅವಳ ಎದುರಿಗೇ ತಟ್ಟೆಗೆ ಸುರಿದು ಎಣಿಸಿದೆ, ನೂರ ಏಳು. ಅವಳೂ ಬಾಯೊಳಗೇ ಎಣಿಸಿದಳು. ದಾರಕ್ಕೆ ಮೂರು ಸಲ ಮೇಣ ತಿಕ್ಕಿ, ಬಣ್ಣದ ಸಾಲು ಅವಳು ಹೇಳಿದ ಹಾಗೆಯೇ, ಎರಡು ಕೆಂಪಿಗೊಂದು ಬಿಳಿ, ಐದಕ್ಕೊಂದು ನೀಲಿ, ಪೋಣಿಸಿದೆ. ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳ ಕಣ್ಣು ನನ್ನ ಸೂಜಿಯ ಮೇಲೆ.

ಕೊನೆಯ ಗಂಟು ಹಾಕಿ, ತುದಿಯನ್ನು ಉರಿಗೆ ಹಿಡಿದು ಮುಚ್ಚಿ, ಸರ ಅವಳ ಕೈಗಿಟ್ಟೆ. ಅವಳು ತಿರುಗಿಸಿ ನೋಡಿದಳು. ಗಂಟು ಎಲ್ಲಿದೆ ಎಂದು ಹುಡುಕಿದಳು, ಸಿಗಲಿಲ್ಲ. ಆಮೇಲೆ ಕೂತಲ್ಲೇ, ತನ್ನ ತಾಯಿಯ ಮಣಿಗಳನ್ನು ಒಂದೊಂದಾಗಿ, ಉಳಿದಿದ್ದ ನಾಲ್ಕು ಹಲ್ಲಿಗೆ ತಾಗಿಸತೊಡಗಿದಳು. ಟಿಣ್. ಟಿಣ್. ಟಿಣ್. ನೂರ ಏಳೂ ಮುಗಿಯುವವರೆಗೆ ನಾನು ಬೇರೆ ಗಿರಾಕಿಗಳನ್ನು ಕಾಯಿಸಿದೆ.